ಭೀಮಾತೀರದಲ್ಲಿ ಒಂದು ವಾರದ ಚಿತ್ರವೀಕ್ಷಣ

ಒಂದು ಚಿತ್ರವನ್ನು ಎಲ್ಲಿ ಕುಳಿತು ನೋಡಿದೆವೆಂಬುದು ಆ ಚಿತ್ರದ ಅರ್ಥದಲ್ಲಿ ಅರ್ಧ ಪಾಲನ್ನು ಪಡೆಯುತ್ತದೆಂದು ನಾನು ಬಹುಕಾಲದಿಂದ ನಂಬಿದ್ದೇನೆ. ರಾಜಧಾನಿಯ ಹವಾನಿಯಂತ್ರಿತ ಮಂದಿರದಲ್ಲಿ ಕುಳಿತವನಿಗೆ ದೂರದ ಕೌತುಕವಾಗಿ ತೋರುವ ಕಥೆಯೇ, ಮಗ್ಗುಲಲ್ಲಿ ಭೀಮಾನದಿಯೂ ಸುತ್ತಲೂ ಎರೆಭೂಮಿಯೂ ಇರುವ, ಕನ್ನಡ, ಉರ್ದು, ಮರಾಠಿ, ಲಂಬಾಣಿಗಳು ಒಂದೇ ಸಂತೆಯಲ್ಲಿ ವ್ಯವಹರಿಸುವ ಜೇವರ್ಗಿಯಂಥ ಊರಿನವನಿಗೆ ನೆರೆಮನೆಯ ವಾರ್ತೆಯಾಗಿ ಕೇಳಿಸುವುದುಂಟು. ವೈಶಾಖದಲ್ಲಿ ನಮ್ಮ ಕಡೆ ಹೊತ್ತು ನೆತ್ತಿಗೇರುವ ಮುನ್ನವೇ ಹೊರಗಿನ ಕೆಲಸಗಳನ್ನು ತೀರಿಸಿಕೊಂಡು ಮನೆ ಸೇರುವುದು ವಾಡಿಕೆ. ತೊಗರಿ ಮಾರಾಟವಾಗಿ, ಜೋಳದ ರಾಶಿಯೂ ಮುಗಿದು, ಹೊಲಗಳು ಮುಂಗಾರಿನ ಹಾದಿ ನೋಡುತ್ತ ಬಿರುಕುಬಿಟ್ಟು ಮಲಗಿರುವ ಈ ಅವಧಿಯಲ್ಲಿ ಮನುಷ್ಯನಿಗೆ ಬೇರಾವ ಕಾಲದಲ್ಲಿಯೂ ದೊರೆಯದ ವಿರಾಮ ದೊರೆಯುತ್ತದೆ. ಅಂಥ ಒಂದು ವಾರವನ್ನು ನಾನು ಚಲಚ್ಚಿತ್ರಗಳಿಗೆ ಮೀಸಲಿಟ್ಟೆ. ಮೊಮ್ಮಗನು ತನ್ನ ಮೊಬೈಲನ್ನು ಟಿ.ವಿ.ಗೆ ಜೋಡಿಸಿ ಕೊಟ್ಟನು. ಕದ ಮುಚ್ಚಿದ ನಡುಮನೆಯಲ್ಲಿ, ಕೂಲರಿನ ಸದ್ದಿನ ನಡುವೆ, ಹಳೆಯವೂ ಹೊಸವೂ, ನಮ್ಮವೂ ಪರರವೂ ಆದ ಚಿತ್ರಗಳನ್ನು ಯಾವ ಕ್ರಮವನ್ನೂ ಇಟ್ಟುಕೊಳ್ಳದೆ ನೋಡಿದೆ. ಅವುಗಳನ್ನು ಕುರಿತು ನನಗೆ ತೋರಿದ ಅಭಿಪ್ರಾಯಗಳು ಇವು.

ಆರಂಭ ಮಾಡಿದುದು ‘ಸಂತ ತುಕಾರಾಮ’ದಿಂದ. ಪ್ರಭಾತ್ ಸಂಸ್ಥೆಯವರು 1936ರಲ್ಲಿ ನಿರ್ಮಿಸಿದ ಈ ಮರಾಠಿ ಚಿತ್ರವು ಮರುವರ್ಷ ವೆನಿಸ್ ನಗರದ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತೆಂಬುದನ್ನು ಚಿತ್ರರಂಗದ ಇತಿಹಾಸ ಬರೆದವರೆಲ್ಲರೂ ತಪ್ಪದೆ ಹೇಳುತ್ತಾರೆ. ನಿರ್ದೇಶಕರು ದಾಮ್ಲೆ ಮತ್ತು ಫತ್ತೇಲಾಲ್. ತುಕಾರಾಮನಾಗಿ ವಿಷ್ಣುಪಂತ ಪಾಗನೀಸರು. ಆದರೆ ಆ ಮನ್ನಣೆಗಿಂತ ನನಗೆ ಮುಖ್ಯವಾಗಿ ತೋರುವುದು ಭೂಗೋಳದ ಒಂದು ಸಂಗತಿ. ತುಕಾರಾಮನ ದೇಹೂ ಗ್ರಾಮವು ಇಂದ್ರಾಯಣಿಯ ದಡದಲ್ಲಿದೆ. ಇಂದ್ರಾಯಣಿಯು ಭೀಮೆಯನ್ನು ಸೇರುತ್ತದೆ. ಆ ಭೀಮೆಯೇ ಪಂಢರಪುರದಲ್ಲಿ ಬಾಗಿ ಚಂದ್ರಭಾಗೆಯೆನಿಸಿಕೊಂಡು, ಅಫಜಲಪುರದ ಸೀಮೆಯಲ್ಲಿ ಹರಿದು, ನಮ್ಮ ಕಟ್ಟಿಸಂಗಾವಿಯ ಸೇತುವೆಯ ಕೆಳಗೆ ಹಾಯ್ದು ಕೃಷ್ಣೆಯ ಕಡೆಗೆ ನಡೆಯುತ್ತದೆ. ವೈರಿಯ ದ್ವೇಷಕ್ಕೆ ಗುರಿಯಾಗಿ ತನ್ನ ಅಭಂಗಗಳ ಹಸ್ತಪ್ರತಿಯನ್ನು ತುಕಾರಾಮನು ನೀರಿಗೆ ಒಪ್ಪಿಸುವ ದೃಶ್ಯವನ್ನು ನೋಡುತ್ತಿರುವಾಗ, ಆ ನೀರು ನಮ್ಮ ಊರಿನ ಮಗ್ಗುಲಿಗೂ ಬರತಕ್ಕದ್ದೆಂಬ ಭಾವನೆಯು ಚಿತ್ರಕ್ಕೆ ಹೊರಗಿನದಲ್ಲ. ಪ್ರತಿ ಆಷಾಢದಲ್ಲಿ ಈ ಕಡೆಯಿಂದ ಪಂಢರಪುರದ ವಾರಿಗೆ ನಡೆದು ಹೋಗುವವರ ಪಾಲಿಗಂತೂ ಅದು ಚಿತ್ರದ ಒಳಗಿನದೇ.

ಪಾಗನೀಸರ ಮುಖದಲ್ಲಿ ಅಭಿನಯವೆಂಬುದೇ ಕಾಣುವುದಿಲ್ಲ. ಅವರು ಹಾಡುತ್ತಿರುವಾಗ ಕಣ್ಣುಗಳು ಎದುರಿಗಿರುವ ಯಾರನ್ನೂ ನೋಡದೆ, ಎಲ್ಲಿಯೂ ದೃಷ್ಟಿ ನೆಡದೆ, ಒಂದು ಬಗೆಯ ತಾಳ್ಮೆಯಲ್ಲಿ ತೆರೆದಿರುತ್ತವೆ. ಆದರೂ ನನ್ನ ಮಟ್ಟಿಗೆ ಈ ಚಿತ್ರದ ಜೀವವು ಸಂತನಲ್ಲಿಲ್ಲ, ಅವನ ಹೆಂಡತಿ ಜಿಜಾಯಿಯಲ್ಲಿದೆ. ಎಮ್ಮೆಯ ಮೈದಡವುವ, ಮಕ್ಕಳ ಹೊಟ್ಟೆಗೆ ಹಿಟ್ಟು ಹೊಂದಿಸುವ, ಮಗನು ಜ್ವರದಿಂದ ಬಳಲುತ್ತಿರುವಾಗ ಅವನನ್ನು ಎಳೆದುಕೊಂಡು ಗುಡಿಗೆ ಹೋಗಿ ಕಾಲಿನ ಚಪ್ಪಲಿಯನ್ನು ವಿಠ್ಠಲನ ಮೇಲೆಯೇ ಎತ್ತುವ ಆ ಸ್ತ್ರೀಯನ್ನು ನಟಿ ಗೌರಿಯವರು ಸ್ವಲ್ಪವೂ ಅಂಜದೆ ನಟಿಸಿದ್ದಾರೆ. ಮಾಳಕರಿ ವ್ರತದಲ್ಲಿಯೇ ಬಾಳು ಸವೆಸಿದ ನಮ್ಮ ಕಾಕು, ಕೊರಳಲ್ಲಿ ತುಳಸಿಮಾಲೆ ಧರಿಸಿ ಪಕ್ಕದಲ್ಲಿ ಕುಳಿತು ನೋಡುತ್ತಿದ್ದವರು, ಆ ದೃಶ್ಯದಲ್ಲಿ ಕೋಪಗೊಂಡಾರೆಂದು ನಾನೆಣಿಸಿದ್ದೆ. ಅವರೆಂದರು: “ಅಕೀದೇನ್ ತಪ್ಪದನೋ ತಮ್ಮಾ? ಮನ್ಯಾಗ ಹಿಟ್ಟಿಲ್ಲಂದ್ರ ದೇವ್ರಿಗೂ ಕೇಳ್ಬೇಕಾಗ್ತದ.” ಭಕ್ತಿಯನ್ನೂ ಹಸಿವನ್ನೂ ಒಂದೇ ಸೂರಿನ ಕೆಳಗೆ ಇಟ್ಟು, ಎರಡಕ್ಕೂ ಅನ್ಯಾಯವಾಗದಂತೆ ಮಾತಾಡಿಸಿದ ಭಕ್ತಿಚಿತ್ರವು ಇದರ ತರುವಾಯ ನಮ್ಮ ಯಾವ ಭಾಷೆಯಲ್ಲಿಯೂ ಬಹಳವಾಗಿ ಬಂದಿಲ್ಲ. ಕಡೆಯಲ್ಲಿ ತುಕಾರಾಮನು ವೈಕುಂಠಕ್ಕೆ ಏರುತ್ತಾನೆ, ಜಿಜಾಯಿಯು ಮಕ್ಕಳೊಡನೆ ಭೂಮಿಯ ಮೇಲೆ ಉಳಿಯುತ್ತಾಳೆ. ಅವಳು ಉಳಿದುದನ್ನೇ ಕ್ಯಾಮೆರಾ ಸಂತನ ಆರೋಹಣದಷ್ಟು ಗೌರವದಿಂದ ನೋಡಿದೆ. ಇದರಲ್ಲಿರುವ ಒಂದು ಹಾಡನ್ನು ಶಾಂತಾರಾಮ ಆಠವಲೆಯವರು ರಚಿಸಿದ್ದು, ಅದು ತುಕಾರಾಮನದೇ ಅಭಂಗವೆಂದು ಬಲ್ಲವರೂ ಭ್ರಮಿಸಿದರೆಂದು ಹೇಳುತ್ತಾರೆ. ಕವಿಯೊಬ್ಬನಿಗೆ ಇದಕ್ಕಿಂತ ಹೆಚ್ಚಿನ ಪ್ರಶಸ್ತಿ ಬೇಕಿಲ್ಲ.

ಮರಾಠಿಯ ಈ ನಂಟು ಕನ್ನಡ ಚಿತ್ರರಂಗಕ್ಕೆ ಹೊಸದೇನೂ ಅಲ್ಲ. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’, 1934ರಲ್ಲಿ ತೆರೆಕಂಡದ್ದು, ಚಿತ್ರಿತವಾದುದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರಂಥ ರಂಗಭೂಮಿಯ ಧೀಮಂತರು ಕನ್ನಡವನ್ನು ಮೊಟ್ಟಮೊದಲು ತೆರೆಯ ಮೇಲೆ ಹೇಗೆ ನುಡಿದರೆಂಬುದನ್ನು ನಾವಿನ್ನು ಕೇಳಲಾರೆವು. ‘ಸಂತ ತುಕಾರಾಮ’ದ ರೀಲುಗಳನ್ನು ಕಾಪಾಡಿದವರನ್ನು ನೆನೆಯುವಾಗ ಈ ನಷ್ಟವು ಇನ್ನೂ ಹೆಚ್ಚಾಗಿ ನೋಯಿಸುತ್ತದೆ.

ವಾರದ ನಡುವೆ ಎರಡು ಚಿತ್ರಗಳನ್ನು ಬೆನ್ನುಬೆನ್ನಿಗೆ ನೋಡಿದೆ. ಬೇಕೆಂದು ಜೋಡಿಸಿದುದಲ್ಲ, ಆದರೆ ನೋಡಿ ಮುಗಿದ ಮೇಲೆ ಅವುಗಳನ್ನು ಬೇರ್ಪಡಿಸುವುದು ನನ್ನಿಂದಾಗಲಿಲ್ಲ. ಒಂದು, ಶ್ಯಾಮ ಬೆನೆಗಲ್ ಅವರ ‘ಅಂಕುರ್’, 1974ರದು. ಮತ್ತೊಂದು, ನಾಗರಾಜ ಮಂಜುಳೆಯವರ ‘ಫಂಡ್ರಿ’, 2013ರದು. ‘ಅಂಕುರ್’ ಹಿಂದೀ ಚಿತ್ರವೆಂದು ಪ್ರಸಿದ್ಧವಾದರೂ ಅದರಲ್ಲಿ ಕೇಳಿಬರುವುದು ದಿಲ್ಲಿಯ ಹಿಂದಿಯಲ್ಲ, ಹೈದರಾಬಾದು ಸೀಮೆಯ ದಖನಿ. ಜೇವರ್ಗಿಯು 1956ರ ನವೆಂಬರದವರೆಗೆ ಹೈದರಾಬಾದು ರಾಜ್ಯದ ಭಾಗವಾಗಿಯೇ ಇದ್ದಿತಾದುದರಿಂದ, ಆ ಮಾತು ಇಂದಿಗೂ ನಮ್ಮ ಪೇಟೆಯ ಅಂಗಡಿಗಳಲ್ಲಿ, ಟಾಂಗಾಗಳು ಹೋಗಿ ಆಟೋಗಳು ಬಂದ ನಿಲ್ದಾಣಗಳಲ್ಲಿ, ಮದುವೆಯ ಮನೆಗಳಲ್ಲಿ ಜೀವಂತವಾಗಿದೆ. ಅದಕ್ಕಿಂತಲೂ ಮುಖ್ಯವಾಗಿ, ಆ ಚಿತ್ರದ ಜಮೀನುದಾರಿಯ ಜಗತ್ತು ನಮ್ಮ ಹಿರಿಯರು ಕಂಡುಂಡ ಜಗತ್ತು: ಗಡಿಯೆಂಬ ಕೋಟೆಮನೆಯ ಒಡೆಯ, ಅವನ ಹೊಲ, ಅವನ ಬಾವಿ, ಅವನ ಮಾತೇ ನ್ಯಾಯ.

ನಗರದಲ್ಲಿ ಓದಿಬಂದ ಜಮೀನುದಾರನ ಮಗ ಸೂರ್ಯನಾಗಿ ಅನಂತನಾಗರು ನಟಿಸಿದ್ದಾರೆ. ದುಡಿಯಲು ಬಂದ ಲಕ್ಷ್ಮಿಯ ಕೈಯಿಂದ ಚಹಾ ಮಾಡಿಸಿಕೊಂಡು ಕುಡಿಯುವಾಗ ತನ್ನನ್ನು ತಾನು ಉದಾರಿಯೆಂದು ಬಗೆಯುವ ಈ ತರುಣನು, ಅವಳು ಗರ್ಭಿಣಿಯಾದಾಗ ತನ್ನ ಹೊಣೆಯಿಂದ ಜಾರಿಕೊಳ್ಳುವ ಬಗೆಯನ್ನು ಅನಂತನಾಗರು ದುಷ್ಟತನವಾಗಿ ತೋರದೆ ಪುಕ್ಕಲುತನವಾಗಿ ತೋರಿದ್ದಾರೆ. ಹಾಗೆ ತೋರಿದುದರಿಂದಲೇ ಆ ಪಾತ್ರವು ಮರೆಯಲಾಗದ್ದಾಗಿದೆ. ದುಷ್ಟನನ್ನು ನಾವು ದೂರ ಇಡಬಹುದು, ಪುಕ್ಕಲನನ್ನು ನಮ್ಮ ಮನೆಯಲ್ಲಿಯೇ ಕಾಣುತ್ತೇವೆ. ಶಬಾನಾ ಆಜ್ಮಿಯವರ ಲಕ್ಷ್ಮಿಗೂ, ಅವಳ ಗಂಡನಾದ ಕಿವುಡ ಮೂಗ ಕುಂಬಾರ, ಸಾಧು ಮೆಹರರ ಕಿಷ್ಟಯ್ಯನಿಗೂ ರಾಷ್ಟ್ರಪ್ರಶಸ್ತಿಗಳು ದೊರೆತವು. ಕಿಷ್ಟಯ್ಯನು ಏನನ್ನೋ ಕೇಳಿಕೊಳ್ಳಬೇಕೆಂದು ಒಡೆಯನ ಬಳಿಗೆ ಬಂದಾಗ, ತನ್ನ ಪಾಪದ ಭೀತಿಯಿಂದಲೇ ತತ್ತರಿಸಿದ ಸೂರ್ಯನು ಅವನನ್ನು ಚಾವಟಿಯಿಂದ ಹೊಡೆಯುತ್ತಾನೆ. ಎಲ್ಲ ಮುಗಿದ ಮೇಲೆ ಒಬ್ಬ ಸಣ್ಣ ಹುಡುಗನು ಒಡೆಯನ ಕಿಟಕಿಗೆ ಒಂದು ಕಲ್ಲು ಬೀರಿ ಓಡುತ್ತಾನೆ.

ಆ ಕಲ್ಲು ಬಿದ್ದ ಸುಮಾರು ನಾಲ್ಕು ದಶಕಗಳ ತರುವಾಯ ‘ಫಂಡ್ರಿ’ಯಲ್ಲಿ ಇನ್ನೊಬ್ಬ ಹುಡುಗನು ಕಲ್ಲೆತ್ತುತ್ತಾನೆ. ಮಂಜುಳೆಯವರು ಸೊಲ್ಲಾಪುರ ಜಿಲ್ಲೆಯ ಕರಮಾಳೆಯ ಕಡೆಯವರು; ಆಸ್ಪತ್ರೆಗೆಂದೋ ಅರಿವೆ ಕೊಳ್ಳಲೆಂದೋ ನಮ್ಮವರು ಸೊಲ್ಲಾಪುರಕ್ಕೆ ಹೋಗಿಬರುವುದು ಸಾಮಾನ್ಯವಾದುದರಿಂದ, ಅವರ ಚಿತ್ರದ ಜಾಲಿಗಿಡಗಳೂ ಧೂಳಿನ ಹಾದಿಯೂ ಶಾಲೆಯ ಗೋಡೆಯೂ ನಮಗೆ ಅಪರಿಚಿತವಲ್ಲ. ಕೈಕಾಡಿ ಸಮುದಾಯದ ಹುಡುಗ ಜಬ್ಯಾ ಶಾಲೆಗೆ ಹೋಗುತ್ತಾನೆ. ಮೇಲ್ಜಾತಿಯ ಹುಡುಗಿಯೊಬ್ಬಳನ್ನು ದೂರದಿಂದಲೇ ಪ್ರೀತಿಸುತ್ತಾನೆ. ಊರಿನ ಹಂದಿಗಳನ್ನು ಹಿಡಿಯಬೇಕಾದ ಕೆಲಸ ಅವನ ಮನೆಯವರ ಪಾಲಿಗೆ ಬಂದಿದೆ. ಚಿತ್ರದ ಉತ್ತರಾರ್ಧವೆಲ್ಲ ಒಂದೇ ಹಂದಿಬೇಟೆ. ಶಾಲೆಯ ಮಕ್ಕಳೂ ಊರಿನವರೂ ಸುತ್ತ ನಿಂತು ನಗುತ್ತಿರಲು, ಜಬ್ಯಾ ತನ್ನ ಮುಖವನ್ನು ಮರೆಮಾಚಿಕೊಳ್ಳಲು ಗೋಡೆಯಿಂದ ಗೋಡೆಗೆ ಸರಿಯುತ್ತಿರಲು, ಹಂದಿಯು ಇನ್ನೇನು ಕೈಗೆ ಸಿಕ್ಕೀತೆಂಬ ಕ್ಷಣದಲ್ಲಿ ಶಾಲೆಯಿಂದ ರಾಷ್ಟ್ರಗೀತೆ ಕೇಳಿಬರುತ್ತದೆ. ಇಡೀ ಕುಟುಂಬವು ನಿಂತಲ್ಲಿಯೇ ನೆಟ್ಟಗೆ ನಿಲ್ಲುತ್ತದೆ; ಹಂದಿ ತಪ್ಪಿಸಿಕೊಂಡು ಹೋಗುತ್ತದೆ. ತಮಗೆ ಯಾವ ಗೌರವವನ್ನೂ ಕೊಡದ ಊರಿನಲ್ಲಿ ನಿಂತು ಅವರು ದೇಶಕ್ಕೆ ಗೌರವ ಸಲ್ಲಿಸುವ ಆ ಅರೆನಿಮಿಷವನ್ನು ಮಂಜುಳೆಯವರು ಯಾವ ವ್ಯಾಖ್ಯಾನವನ್ನೂ ಸೇರಿಸದೆ ಬಿಟ್ಟಿದ್ದಾರೆ. ನಾನು ಈ ವಾರದಲ್ಲಿ ಕಂಡ ದೃಶ್ಯಗಳಲ್ಲಿ ಇದಕ್ಕೆ ಮೊದಲ ಸ್ಥಾನವನ್ನು ಕೊಡುತ್ತೇನೆ.

‘ಅಂಕುರ್’ನ ಕಲ್ಲು ಒಡೆಯನ ಕಿಟಕಿಗೆ ತಗುಲಿತು. ‘ಫಂಡ್ರಿ’ಯ ಕಲ್ಲು ನೇರವಾಗಿ ಕ್ಯಾಮೆರಾದ ಕಡೆಗೆ, ಅಂದರೆ ಆರಾಮವಾಗಿ ಕುಳಿತು ನೋಡುತ್ತಿರುವ ನಮ್ಮ ಕಡೆಗೆ ಬರುತ್ತದೆ. ಮೊದಲ ಚಿತ್ರವನ್ನು ಮಾಡಿದವರು ಅನ್ಯಾಯವನ್ನು ಕರುಣೆಯಿಂದ ಕಂಡವರು. ಎರಡನೆಯದನ್ನು ಮಾಡಿದವರು ಅದನ್ನು ಬಾಲ್ಯದಲ್ಲಿ ಸ್ವತಃ ಹೊತ್ತವರು. ಕಲ್ಲಿನ ದಿಕ್ಕು ಬದಲಾದುದಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ, ಮತ್ತು ಈ ಬದಲಾವಣೆಯನ್ನು ನಮ್ಮ ದೇಶದ ಚಲಚ್ಚಿತ್ರಕಲೆಯಲ್ಲಿ ನಡೆದ ದೊಡ್ಡ ಸಂಗತಿಗಳಲ್ಲೊಂದೆಂದು ನಾನೆಣಿಸುತ್ತೇನೆ.

‘ಮುಘಲ್-ಎ-ಆಜಂ’ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. 1960ರ ಆ ಚಿತ್ರವನ್ನು ಅದರ ಶೀಶಮಹಲಿಗಾಗಿ ಜನ ನೆನೆಯುತ್ತಾರೆ; ನಾನು ನೋಡುವುದು ಅದರ ಮಾತಿಗಾಗಿ. ಪೃಥ್ವಿರಾಜ ಕಪೂರರ ಬಾಯಲ್ಲಿ ಉರ್ದು ಭಾಷೆಯು ಆನೆಯ ನಡಿಗೆಯನ್ನು ಪಡೆಯುತ್ತದೆ. ಉರ್ದು ಮಾಧ್ಯಮದಲ್ಲಿ ಓದಿದ ನಿಜಾಮರ ಕಾಲದ ನಮ್ಮ ಹಿರಿಯರಿಗೆ, ಕೂಡಿದ ಮಂದಿಯ ನಡುವೆ ಆ ಸಂಭಾಷಣೆಗಳನ್ನು ತಪ್ಪಿಲ್ಲದೆ ಒಪ್ಪಿಸುವುದು ವಿದ್ಯಾವಂತಿಕೆಯ ಗುರುತಾಗಿತ್ತು. 2004ರಲ್ಲಿ ಬಣ್ಣ ತುಂಬಿ ಹೊರತಂದ ಪ್ರತಿಗಿಂತ ಮೂಲದ ಕಪ್ಪುಬಿಳುಪೇ ನನಗೆ ಪ್ರಿಯ. ಇನ್ನು ಮೊಮ್ಮಗನ ಒತ್ತಾಯಕ್ಕೆ ‘ಕೆ.ಜಿ.ಎಫ್.’ನ ಎರಡನೆಯ ಭಾಗವನ್ನೂ ನೋಡಿದೆ. ಕನ್ನಡದ ಒಂದು ಚಿತ್ರವು ದೇಶದ ಎಲ್ಲ ಮೂಲೆಗಳನ್ನು ತಲುಪಿದುದು ಹೆಮ್ಮೆಯ ಸಂಗತಿಯೇ ಸರಿ. ಗಣಿಯ ಕತ್ತಲೆಯನ್ನೂ ಮಸಿಯನ್ನೂ ಕಟ್ಟಿದ ಕುಶಲತೆಯೂ ದೊಡ್ಡದು. ಆದರೆ ಯಾವ ಮುಖವನ್ನೂ ಎರಡು ಉಸಿರಿನಷ್ಟು ಕಾಲ ನಿಂತು ನೋಡಲು ಬಿಡದ ಆ ವೇಗದಲ್ಲಿ, ಗಣಿಯಲ್ಲಿ ದುಡಿದವನ ಕೈಯನ್ನು ನೋಡಬೇಕೆಂಬ ನನ್ನ ಆಸೆ ಈಡೇರಲಿಲ್ಲ.

ಈ ವಾರದಲ್ಲಿ ನನ್ನ ಮನಸ್ಸನ್ನು ಬಹುವಾಗಿ ಹಿಡಿದ ಕನ್ನಡ ಚಿತ್ರವೆಂದರೆ ಗಿರೀಶ ಕಾಸರವಳ್ಳಿಯವರ ‘ಕನಸೆಂಬೋ ಕುದುರೆಯನೇರಿ’. ಅದಕ್ಕೆ ಆಧಾರವಾದುದು ರಾಯಚೂರು ಸೀಮೆಯ ಕಥೆಗಾರರಾದ ಅಮರೇಶ ನುಗಡೋಣಿಯವರ ‘ಸವಾರಿ’ ಎಂಬ ಕಥೆ. ಮುಖ್ಯ ಪಾತ್ರವಾದ ಈರ್ಯಾನನ್ನು ವಹಿಸಿದವರು ಬೀದರ ಜಿಲ್ಲೆಯವರಾದ ವೈಜನಾಥ ಬಿರಾದಾರರು. ಈರ್ಯಾ ಊರಿನ ಗೋರಿ ತೋಡುವವನು. ಅವನ ಕನಸಿನಲ್ಲಿ ಸಿದ್ಧನು ಕಾಣಿಸಿಕೊಂಡರೆ ಊರಲ್ಲಿ ಯಾರೋ ಒಬ್ಬರು ತೀರಿಹೋಗಿರುತ್ತಾರೆಂಬುದು ಅವನ ನಂಬಿಕೆ, ಮತ್ತು ಅದು ಅವನ ಪಾಲಿಗೆ ಎಂದೂ ಹುಸಿಯಾಗದ ನಂಬಿಕೆ. ಒಂದು ಬೆಳಗು ಅಂಥ ಕನಸು ಕಂಡು, ಹಾರೆ ಸಲಿಕೆ ಹಿಡಿದು, ಕಾಯಿಲೆಯಿಂದ ಮಲಗಿರುವ ಊರಗೌಡರ ಮನೆಗೆ ಹೋದರೆ, ಗೌಡರು ಜೀವಂತವಾಗಿದ್ದಾರೆಂದು ಅಲ್ಲಿನವರು ಅವನನ್ನು ಗದರಿಸಿ ಕಳಿಸುತ್ತಾರೆ. ವಾಸ್ತವದಲ್ಲಿ ಗೌಡರು ತೀರಿದ್ದಾರೆ. ತಮ್ಮ ಕಾರ್ಯಕ್ಕಾಗಿ ಮನೆಯವರು ಆ ಸಾವನ್ನು ಮುಚ್ಚಿಟ್ಟಿದ್ದಾರೆ. ಕಾಸರವಳ್ಳಿಯವರು ಇದೇ ಘಟನೆಗಳನ್ನು ಮೊದಲು ಈರ್ಯಾನ ಕಡೆಯಿಂದಲೂ ಆಮೇಲೆ ಗೌಡರ ಮನೆಯ ಕಡೆಯಿಂದಲೂ ಎರಡು ಸಾರಿ ತೋರಿಸುತ್ತಾರೆ. ಹೀಗಾಗಿ ನೋಡುವವನಿಗೆ ಮೊದಲು ಈರ್ಯಾನ ಕನಸು ಸುಳ್ಳಾಯಿತೆಂದು ವ್ಯಥೆಯಾಗುತ್ತದೆ. ಬಳಿಕ, ಕನಸು ನಿಜವೇ ಆಗಿತ್ತು, ಆ ನಿಜವನ್ನು ಅವನಿಂದ ಕದ್ದುಕೊಂಡರೆಂದು ತಿಳಿದಾಗ ಆ ವ್ಯಥೆ ಬೇರೊಂದು ಬಗೆಯ ಸಿಟ್ಟಾಗಿ ಮಾರ್ಪಡುತ್ತದೆ. ಬಡವನಿಂದ ಹೊಲವನ್ನೂ ಕೂಲಿಯನ್ನೂ ಕಸಿದ ಕಥೆಗಳು ಅನೇಕವುಂಟು. ಅವನ ನಂಬಿಕೆಯನ್ನು ಕಸಿದ ಕಥೆಯನ್ನು ಇಷ್ಟು ಮೆತ್ತಗಿನ ದನಿಯಲ್ಲಿ ಹೇಳಿದ ಚಿತ್ರವನ್ನು ನಾನು ಬೇರೆ ಕಂಡಿಲ್ಲ. ಚಿತ್ರಕಥೆಗಾಗಿ ಗೋಪಾಲಕೃಷ್ಣ ಪೈ ಮತ್ತು ಕಾಸರವಳ್ಳಿಯವರಿಗೆ ರಾಷ್ಟ್ರಪ್ರಶಸ್ತಿ ಬಂದುದು ಉಚಿತವೇ ಆಗಿದೆ.

ಬಿರಾದಾರರ ವಿಷಯವನ್ನು ನಾನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ದಶಕಗಳ ಕಾಲ ಕನ್ನಡ ಚಿತ್ರಗಳಲ್ಲಿ ಈ ನಟರನ್ನು ಜನ ಕಂಡುದು ಭಿಕ್ಷುಕನಾಗಿ, ಕುಡುಕನಾಗಿ, ಒಂದೆರಡು ಮಾತಾಡಿ ನಗಿಸಿ ಮರೆಯಾಗುವವನಾಗಿ. ಅವರ ಬಡಕಲು ದೇಹವೂ ಬೀದರ ಕಡೆಯ ಉಚ್ಚಾರವೂ ನಗೆಗೆ ಸಾಮಗ್ರಿಯಾದುವೇ ಹೊರತು, ಆ ದೇಹದಲ್ಲಿ ಒಂದು ಬಾಳಿದೆ, ಆ ಉಚ್ಚಾರದಲ್ಲಿ ದುಃಖವನ್ನೂ ಹೇಳಬಹುದು ಎಂದು ಯಾರಿಗೂ ತೋರಿದಂತಿರಲಿಲ್ಲ. ಕಾಸರವಳ್ಳಿಯವರಿಗೆ ತೋರಿತು. ಮನೆಯಿಂದ ಹೊರದೂಡಲ್ಪಟ್ಟ ಈರ್ಯಾ ತನ್ನ ಸಲಿಕೆಯನ್ನು ಹೆಗಲಿಗೇರಿಸಿಕೊಂಡು ಹಿಂದಿರುಗುವಾಗ ಬಿರಾದಾರರ ನಡಿಗೆಯನ್ನು ನೋಡಬೇಕು: ಅವಮಾನವಾದವನ ನಡಿಗೆಯಲ್ಲ ಅದು, ಲೆಕ್ಕ ತಪ್ಪಿದವನ ನಡಿಗೆ; ಎಲ್ಲಿ ತಪ್ಪಿತೆಂದು ಒಂದೊಂದು ಹೆಜ್ಜೆಗೂ ಯೋಚಿಸುತ್ತಿರುವವನ ನಡಿಗೆ. ಸ್ಪೇನ್ ದೇಶದ ಮ್ಯಾಡ್ರಿಡ್ಡಿನಲ್ಲಿ ನಡೆದ ಚಿತ್ರೋತ್ಸವವೊಂದು ಅವರನ್ನು ಶ್ರೇಷ್ಠ ನಟರೆಂದು ಗೌರವಿಸಿತು. ಅವರ ಹೆಂಡತಿ ರುದ್ರಿಯಾಗಿ ಉಮಾಶ್ರೀಯವರು ಗಂಡನ ಕನಸಿನ ಮೇಲೆ ಗಂಡನಿಗಿಂತ ಹೆಚ್ಚಿನ ಆಸೆಯಿಟ್ಟವಳ ಉತ್ಸಾಹವನ್ನೂ ಆಯಾಸವನ್ನೂ ಒಂದೇ ಮುಖದಲ್ಲಿ ತಂದಿದ್ದಾರೆ.

ಇದನ್ನು ನಾನು ಒಬ್ಬ ನಟರ ಭಾಗ್ಯೋದಯವೆಂದಷ್ಟೆ ಹೇಳುತ್ತಿಲ್ಲ. ಕಲಬುರಗಿ, ಬೀದರ, ರಾಯಚೂರು, ಯಾದಗಿರಿಗಳ ಮಾತು ನಮ್ಮ ತೆರೆಯ ಮೇಲೆ ಬಂದಾಗಲೆಲ್ಲ ಪ್ರೇಕ್ಷಕರು ಮೊದಲೇ ನಗಲು ಸಿದ್ಧರಾಗಿರುತ್ತಾರೆ. ನಾಯಕನು ಪ್ರೀತಿಸುವುದು, ತಾಯಿಯು ಅಳುವುದು, ನ್ಯಾಯಾಧೀಶನು ತೀರ್ಪು ಕೊಡುವುದು ಮತ್ತೊಂದು ಕನ್ನಡದಲ್ಲಿ. ನಮ್ಮ ಕನ್ನಡ ಬರುವುದು ಅಡುಗೆಯವನಿಗೆ, ಕಾವಲುಗಾರನಿಗೆ, ಊರು ಹೊಸದಾಗಿ ಕಂಡ ಮುಗ್ಧನಿಗೆ. ವಚನಕಾರರು ತತ್ತ್ವವನ್ನು ಹೇಳಿದ ನಾಡಿನ ಮಾತು ತೆರೆಯ ಮೇಲೆ ಗಂಭೀರವಾದ ಯಾವುದನ್ನೂ ಹೇಳಲಾರದೆಂಬಂತೆ ಮಾಡಿದುದು ಯಾರದೋ ದ್ವೇಷದಿಂದಲ್ಲ. ಚಿತ್ರಗಳನ್ನು ಮಾಡುವವರು ಇಲ್ಲಿ ಬಂದು ಕೆಲಕಾಲ ಇದ್ದು ಕಿವಿಗೊಡದೆ ಇದ್ದುದರಿಂದ. ಕಿವಿಗೊಟ್ಟರೆ ಏನಾಗುವುದೆಂಬುದಕ್ಕೆ ಈ ಚಿತ್ರವೊಂದು ಸಾಕ್ಷಿ. ಇನ್ನೊಂದು, ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’.

ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಎಂಬ ಹಳ್ಳಿಯಲ್ಲಿಯೇ ಚಿತ್ರಿತವಾದ, ರಿಷಬ್ ಶೆಟ್ಟಿಯವರು ನಿರ್ಮಿಸಿದ ಈ ಚಿತ್ರಕ್ಕೆ 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದ ಪ್ರಶಸ್ತಿಯು ಬಂದಿತು. ನಾಯಕಿ ಶಿವಮ್ಮ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುವವಳು. ಗಂಡ ಹಾಸಿಗೆ ಹಿಡಿದವನು. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಅವಳು ಶಕ್ತಿವರ್ಧಕ ಪುಡಿಯೊಂದನ್ನು ಮನೆಮನೆಗೆ ಮಾರುವ, ಸದಸ್ಯರನ್ನು ಕೂಡಿಸಿದಷ್ಟೂ ಲಾಭವೆಂದು ಹೇಳುವ ವ್ಯಾಪಾರದಲ್ಲಿ ಹಾಕುತ್ತಾಳೆ. ಆ ಪಾತ್ರವನ್ನು ವಹಿಸಿದ ಶರಣಮ್ಮ ಚೆಟ್ಟಿಯವರು ವೃತ್ತಿನಟಿಯಲ್ಲ. ಶಿವಮ್ಮ ಪುಡಿಯ ಡಬ್ಬಿಯನ್ನು ಕೈಚೀಲದಲ್ಲಿಟ್ಟುಕೊಂಡು ಕಟ್ಟೆಯಿಂದ ಕಟ್ಟೆಗೆ, ಹೊಲದಿಂದ ಹೊಲಕ್ಕೆ ನಡೆಯುತ್ತಾಳೆ. ಎದುರಿಗೆ ಸಿಕ್ಕವರನ್ನೆಲ್ಲ ಆರೋಗ್ಯದ ಮಾತಿನಿಂದ ಹಿಡಿದು ನಿಲ್ಲಿಸುತ್ತಾಳೆ. ಅವಳು ಬರುವುದನ್ನು ಕಂಡೊಡನೆ ಜನ ದಾರಿ ಬದಲಿಸುವಷ್ಟಾದರೂ ಅವಳ ನಂಬಿಕೆ ಕದಲುವುದಿಲ್ಲ. ಇಂಥ ಮಾರಾಟದ ಜಾಲಗಳು ನಮ್ಮ ತಾಲೂಕುಗಳಲ್ಲಿ ಎಷ್ಟು ಮನೆಗಳ ಉಳಿತಾಯವನ್ನು ನುಂಗಿವೆಯೆಂಬುದನ್ನು ಬಲ್ಲವರಿಗೆ ಅವಳ ಹಟವನ್ನು ನೋಡಿ ಮೈ ಬೆವರುತ್ತದೆ. ಆದರೂ ನಿರ್ದೇಶಕರು ಅವಳನ್ನು ಮೋಸಹೋದ ಮುಗ್ಧೆಯಾಗಿ ಚಿತ್ರಿಸಿಲ್ಲ. ತನ್ನ ಬುದ್ಧಿಯ ಮೇಲೆ ತನಗಿರುವ ಭರವಸೆಯಿಂದ ಬಡತನವನ್ನು ದಾಟಲು ಹೊರಟ ಹೆಂಗಸು ಅವಳು. ಅವಳ ಕೈಗೆ ಸಿಕ್ಕ ದೋಣಿ ಮಾತ್ರ ಓಟೆಯದು. ಚಿತ್ರದ ಮಧ್ಯದಲ್ಲಿ ಮೊಮ್ಮಗನು ಕೇಳಿದನು: “ಮುತ್ಯಾ, ಇವ್ರು ಪಿಚ್ಚರ್‌ದಾಗ ನಮ್ಮಂಗ ಯಾಕ ಮಾತಾಡ್ಲಿಕತ್ತಾರ?” ಕೊಪ್ಪಳದ ಮಾತು ನಮ್ಮ ಮಾತಿಗೆ ಪೂರ್ತಿ ಸಮನಲ್ಲ, ಆದರೆ ಹುಡುಗನಿಗೆ ಆಶ್ಚರ್ಯವಾದುದು ಭೇದದಿಂದಲ್ಲ. ತೆರೆಯ ಮೇಲೆ ನಗಿಸಲೆಂದಲ್ಲದೆ ಬರಿದೆ ಬದುಕಲೆಂದು ಮಾತಾಡುವ ನಮ್ಮಂಥವರನ್ನು ಅವನು ಆವರೆಗೆ ಕಂಡಿರಲಿಲ್ಲ.

ಉಮಾಶ್ರೀಯವರನ್ನು ಕಂಡ ಬೆನ್ನಲ್ಲೇ ಅವರದೇ ‘ಗುಲಾಬಿ ಟಾಕೀಸ’ನ್ನು ಮತ್ತೊಮ್ಮೆ ನೋಡಬೇಕೆನಿಸಿತು. ವೈದೇಹಿಯವರ ಕಥೆಯನ್ನು ಆಧರಿಸಿ ಕಾಸರವಳ್ಳಿಯವರು 2008ರಲ್ಲಿ ತೆರೆಗೆ ತಂದ ಈ ಚಿತ್ರವು ಚಿತ್ರ ನೋಡುವುದನ್ನು ಕುರಿತೇ ಇರುವ ಚಿತ್ರ. ಕುಂದಾಪುರದ ಕಡೆಯ ಮೀನುಗಾರರ ಕೇರಿಯಲ್ಲಿ ಸೂಲಗಿತ್ತಿಯಾದ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ ಉಪಕಾರಕ್ಕೆ ಅವಳ ಮನೆಗೆ ಟಿ.ವಿ. ಬರುತ್ತದೆ, ಅದುವರೆಗೆ ಆ ಹೊಸ್ತಿಲನ್ನು ತುಳಿಯದಿದ್ದ ಹೆಂಗಸರು ಜಾತಿಮತಗಳ ಎಣಿಕೆ ಬಿಟ್ಟು ಅಲ್ಲಿ ಕೂಡುತ್ತಾರೆ. ಕಾರ್ಗಿಲ್ ಯುದ್ಧದ ಕಾಲದ ಸಂಶಯವು ಊರಿಗೆ ಕಾಲಿಟ್ಟಾಗ ಆ ಕೂಟವು ಒಡೆದು, ಗುಲಾಬಿಯೇ ಊರು ಬಿಡಬೇಕಾಗುತ್ತದೆ. ಜಾತ್ರೆಯ ಡೇರೆ ಸಿನಿಮಾಗಳಲ್ಲಿ ಹೆಂಗಸರಿಗೆ ಹಗ್ಗ ಕಟ್ಟಿ ಬೇರೆ ಜಾಗ ಮಾಡುತ್ತಿದ್ದುದೂ, ಅಲ್ಲಿ ಎಲ್ಲ ಕೇರಿಯ ತಾಯಂದಿರು ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಒಟ್ಟಿಗೆ ಕೂತು ಕಣ್ಣೀರಿಡುತ್ತಿದ್ದುದೂ ಈ ಕಡೆಯ ಹಿರಿಯರಿಗೆ ನೆನಪಿರಬೇಕು. ಒಬ್ಬೊಬ್ಬರ ಕೈಯಲ್ಲೊಂದು ಪರದೆ ಬಂದ ಇಂದಿನ ದಿನದಲ್ಲಿ ಆ ಕೂಡಿಕೆಗೆ ಸಮನಾದುದು ನಮಗೆ ದೊರೆತಿಲ್ಲ. ಇದು ನನಗೆ ಚಿಂತೆಯ ವಿಷಯವಾಗಿದೆ.

ವಾರದ ಕಡೆಗೆ ಇರಾನ ದೇಶದ ಅಬ್ಬಾಸ್ ಕಿಯಾರೋಸ್ತಮಿಯವರ 1987ರ ಚಿತ್ರ, ಸ್ನೇಹಿತನ ಮನೆಯನ್ನು ಹುಡುಕಿ ಹೊರಟ ಹುಡುಗನದು. ಗೆಳೆಯನ ನೋಟುಬುಕ್ಕು ತಪ್ಪಿ ತನ್ನ ಚೀಲದಲ್ಲಿ ಬಂದಿದೆ. ಅದರಲ್ಲಿ ಮನೆಪಾಠ ಬರೆಯದಿದ್ದರೆ ಮಾಸ್ತರರು ನಾಳೆ ಅವನನ್ನು ಶಾಲೆಯಿಂದ ತೆಗೆದುಹಾಕುತ್ತಾರೆ. ಆದುದರಿಂದ ಅಹಮದನು ಗುಡ್ಡ ದಾಟಿ ಪಕ್ಕದ ಹಳ್ಳಿಗೆ ಓಡುತ್ತಾನೆ. ಕಥೆ ಇಷ್ಟೇ. ಅದರಲ್ಲಿ ಒಬ್ಬ ಅಜ್ಜನಿದ್ದಾನೆ: ತನ್ನ ಬಳಿ ಸಿಗರೇಟು ಇದ್ದರೂ, ದೊಡ್ಡವರ ಮಾತನ್ನು ಮಕ್ಕಳು ಕೇಳಲು ಕಲಿಯಲೆಂದು ಅಹಮದನನ್ನು ಸಿಗರೇಟು ತರಲು ಅಟ್ಟುತ್ತಾನೆ, ಮತ್ತು ತನ್ನ ತಂದೆ ತನ್ನನ್ನು ಕ್ರಮವಾಗಿ ಹೊಡೆಯುತ್ತಿದ್ದುದನ್ನು ಗೆಳೆಯನಿಗೆ ಹೆಮ್ಮೆಯಿಂದ ವರ್ಣಿಸುತ್ತಾನೆ. ನಮ್ಮ ಕಟ್ಟೆಗಳ ಮೇಲೆ ಕುಳಿತು ಇದೇ ಮಾತನ್ನು ಇದೇ ಹೆಮ್ಮೆಯಿಂದ ಹೇಳುವವರು ಇಂದಿಗೂ ಇದ್ದಾರೆ. ಪರ್ಷಿಯನ್ ಭಾಷೆಯ ಒಂದು ಶಬ್ದವೂ ತಿಳಿಯದ ಕಾಕು ಈ ಚಿತ್ರವನ್ನು ಕಡೆಯವರೆಗೂ ಕುಳಿತು ನೋಡಿ, ಹುಡುಗನಿಗೆ ದಾರಿ ಸರಿಯಾಗಿ ಹೇಳದ ದೊಡ್ಡವರನ್ನೆಲ್ಲ ಬಾಯಿತುಂಬ ಬೈದರು.

ಪುಣೆಯ ಕಡೆಯ ಸಂತ, ತೆಲಂಗಾಣದ ಕುಂಬಾರ, ಕರಮಾಳೆಯ ಬಾಲಕ, ಇರಾನದ ಹುಡುಗ: ಇವರೆಲ್ಲರಲ್ಲಿ ನಮ್ಮನ್ನು ನಾವು ಕಂಡುಕೊಂಡೆವು. ಜೇವರ್ಗಿ, ಆಳಂದ, ಅಫಜಲಪುರಗಳ ಮನುಷ್ಯರನ್ನು ಕನ್ನಡದ ತೆರೆಯ ಮೇಲೆ ಕಾಣಬೇಕೆಂಬ ಬಯಕೆ ಇದರಿಂದ ತೀರುವುದಿಲ್ಲ, ಬೆಳೆಯುತ್ತದೆ. 2020ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ದಡದ ಹಳ್ಳಿಗಳನ್ನು ನುಂಗಿದಾಗ ದನಕರುಗಳನ್ನು ಹೊಡೆದುಕೊಂಡು ಎತ್ತರದ ಜಾಗಗಳಿಗೆ ಏರಿದವರ ಕಥೆ ಇಲ್ಲಿದೆ. ರಾಶಿ ಮುಗಿದೊಡನೆ ಮುಂಬಯಿ, ಪುಣೆ, ಬೆಂಗಳೂರುಗಳಿಗೆ ಹೆಂಡಿರುಮಕ್ಕಳೊಡನೆ ದುಡಿಯಲು ಹೋಗುವವರ, ಮುಚ್ಚಿದ ಕದಗಳ ಮುಂದೆ ಮುದುಕರನ್ನು ಬಿಟ್ಟುಹೋಗುವವರ ಕಥೆ ಇಲ್ಲಿದೆ. ಬರೆದಿಟ್ಟ ಸಾಮಗ್ರಿಗೂ ಕೊರತೆಯಿಲ್ಲ. ಕಲಬುರಗಿಯ ಗೀತಾ ನಾಗಭೂಷಣರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು; ಆ ಗೌರವ ಪಡೆದ ಕನ್ನಡದ ಮೊದಲ ಲೇಖಕಿ ಅವರೇ. ನಮ್ಮ ನೆಲದ ದುಡಿಯುವ ಹೆಂಗಸರು ನಮ್ಮದೇ ಮಾತಿನಲ್ಲಿ ಅಲ್ಲಿ ಜಗಳವಾಡುತ್ತಾರೆ, ಹಾಡುತ್ತಾರೆ, ಹೆರುತ್ತಾರೆ, ಸಾಯುತ್ತಾರೆ. ಅದನ್ನು ಓದಿ, ಈ ಕಡೆಯ ಬಿಸಿಲಿನಲ್ಲಿ ನಾಲ್ಕು ತಿಂಗಳು ಇದ್ದು, ಈ ಕಡೆಯವರನ್ನೇ ಪಾತ್ರಗಳಿಗೆ ಆರಿಸಿಕೊಂಡು ಚಿತ್ರ ಮಾಡಬಲ್ಲ ತರುಣನೋ ತರುಣಿಯೋ ಮುಂದೆ ಬಂದರೆ, ಇಳಿದುಕೊಳ್ಳಲು ಮನೆಗೂ ಊಟಕ್ಕೂ ಜೇವರ್ಗಿಯಲ್ಲಿ ಚಿಂತೆಯಿರದು.